ಊಟದ ಗಂಟೆಗೆ ಒಯ್ಯಬೇಕಿದ್ದ ಮಗು

ನನ್ನ ತಂಗಿಯ ಎದೆಯಲ್ಲಿ ಹಾಲು ಕಟ್ಟಿಕೊಂಡು ಕೀವಾದದ್ದು ನನ್ನಿಂದ. ಮಧ್ಯಾಹ್ನದ ಊಟದ ಗಂಟೆಗೆ ಮಗುವನ್ನು ಕಾರ್ಖಾನೆಯ ಗೇಟಿಗೆ ತರುತ್ತೇನೆ ಎಂದು ಮಾತು ಕೊಟ್ಟವನು ನಾನು. ತರಲಿಲ್ಲ. ಗಂಡಸು ಇಂಥದ್ದನ್ನು ಬರೆಯುವುದೇ ಎಂದು ಮೂಗು ಮುರಿಯುವವರು ಇಲ್ಲಿಗೇ ಮುಚ್ಚಿಡಬಹುದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಎದೆಹಾಲನ್ನು ಎದೆಹಾಲು ಎಂದೇ ಬರೆಯುತ್ತೇನೆ. ಆ ಮಾತಿಗೆ ನಾಚಿಕೊಂಡೇ ನಾನು ಕೆಟ್ಟದ್ದು. ಎರಡನೇ ಸಲ ನಾಚುವುದಿಲ್ಲ.

ರಾಮನಗರಕ್ಕೂ ಬಿಡದಿಗೂ ನಡುವೆ, ದೊಡ್ಡ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮ ಊರು. ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳು ಸಾಕುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ಬಿಡದಿ ಕಡೆ ರಾಗಿ ಹೊಲಗಳಲ್ಲಿ ಕಾಂಪೌಂಡು ಗೋಡೆಗಳು ಎದ್ದು, ಕಂಪನಿ ಬಸ್ಸುಗಳು ನಮ್ಮೂರ ಕ್ರಾಸಿನವರೆಗೂ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗಲು ಶುರುವಾದ ಕಾಲ ಅದು. ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿ ಬಟ್ಟೆ ಹೊಲಿಯುವ ಒಂದು ಕಾರ್ಖಾನೆಗೆ ಸೇರಿದ್ದಳು. ಮಾಗಡಿ ಕಡೆಗೆ ಮದುವೆಯಾದರೂ ಕೆಲಸ ಬಿಡಲಿಲ್ಲ. ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಸಿಕೊಂಡು ಪಡೆದ ಹೆಣ್ಣುಮಗು. ರಜ ಮುಗಿದಾಗ ಅದಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ. ಬಾಣಂತನ ಮುಗಿಯುವವರೆಗೂ ನಮ್ಮ ಮನೆಯಿಂದಲೇ ಕೆಲಸಕ್ಕೆ ಹೋಗುವುದು ಎಂದಾಯಿತು.

ಹೊರಡುವ ಹಿಂದಿನ ದಿನ ಕೇಳಿದಳು. "ಅಣ್ಣ, ಊಟಕ್ಕೆ ಅರ್ಧ ಗಂಟೆ ಬುಡ್ತಾರೆ. ಅವ್ವನ್ನ ಮೊಪೆಡ್ ಮೇಲೆ ಕೂರಿಸ್ಕಂಡು ಮಗೀನ ಗೇಟ್ ತಾವಕ್ಕೆ ತತ್ತೀಯಾ? ಒಂದ್ಸಲ ಕುಡಿಸ್ಬುಟ್ರೆ ಸಂಜೆಗಂಟ ತಡ್ಕತೀವಿ, ಅದೂವೆ, ನಾನೂವೆ."

"ಅದೇನ್ ದೊಡ್ಡ ಕೆಲ್ಸ? ತತ್ತೀನಿ ಬುಡು," ಅಂದೆ.

ಮೊದಲ ದಿನ ಹೋದೆ. ಕಾರ್ಖಾನೆಯೊಳಗೆ ಮಕ್ಕಳ ಕೋಣೆ ಎಂದು ಬೋರ್ಡು ಬರೆದ ಕೋಣೆ ಇತ್ತಂತೆ. ಒಳಗೆ ತುಂಬಿದ್ದು ಬಟ್ಟೆಯ ಮೂಟೆಗಳಂತೆ. ತಂಗಿ ಗೇಟಿನಾಚೆ ಹೊಂಗೆಮರದ ಬುಡದಲ್ಲಿ ಕೂತು, ಸೆರಗು ಹೊದ್ದು ಮಗುವಿಗೆ ಕುಡಿಸಿದಳು. ನಾನು ಎದುರಿನ ಟೀ ಅಂಗಡಿಯ ಕಡೆ ತಿರುಗಿ ನಿಂತೆ. ಅಲ್ಲಿ ನಮ್ಮೂರಿನವರೇ ನಾಲ್ಕು ಜನ, ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವವರು, ಬೀಡಿ ಸೇದುತ್ತಿದ್ದರು.

"ಏನ್ಲಾ, ಡೈರೀನ ಗೇಟ್ ತಾವ್ಲೇ ಓಪನ್ ಮಾಡವ್ರಾ?" ಅಂದ ಒಬ್ಬ.

"ಎರಡೊತ್ತೂ ಹಾಕ್ಸ್ಕತಾರಂತಾ? ಫ್ಯಾಟ್ ಎಷ್ಟು ಬಂತು ಕೇಳ್ಲಾ," ಅಂದ ಇನ್ನೊಬ್ಬ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ನಕ್ಕದ್ದನ್ನು ಮರೆಯಬಲ್ಲೆ, ನಾನು ನಕ್ಕದ್ದನ್ನು ಮರೆಯಲಾರೆ.

ಮಾರನೆಯ ದಿನ ಹೊತ್ತು ನೆತ್ತಿಗೆ ಬರುವ ಮೊದಲೇ ಅವ್ವ ಮಗುವಿಗೆ ಕುಲಾವಿ ಕಟ್ಟಿ ಜಗಲಿಯ ಮೇಲೆ ಕೂತಿದ್ದಳು. "ಹುಳ ಹಣ್ಣಾಗ್ತಾ ಅವೆ ಕಣವ್ವ, ಬುಟ್ಟು ಬರಕ್ಕಾಗಕ್ಕಿಲ್ಲ," ಅಂದೆ. ಹುಳ ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹೊಳಪಾಗಿ ಗೂಡು ಕಟ್ಟಲು ಸಿದ್ಧವಾಗುವುದು. ಆಗ ಅವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಡಿಕೆಗೆ, ಬಿಡಬೇಕು. ಹೊತ್ತು ಮೀರಿದರೆ ಇಡೀ ಬೆಳೆ ಹಾಳು. ಅಂಥ ದಿನ ಮನೆಯವರು ಯಾರೂ ಅತ್ತಿತ್ತ ಅಲ್ಲಾಡುವುದಿಲ್ಲ.

ಆದರೆ ಹುಳ ಹಣ್ಣಾಗಿರಲಿಲ್ಲ. ಇನ್ನೂ ಸೊಪ್ಪು ಮೇಯುತ್ತಿದ್ದವು. ಅವ್ವನಿಗೆ ಅದು ಗೊತ್ತಾಗುವಂತಿರಲಿಲ್ಲ. ಬಾಣಂತಿಯನ್ನೂ ಕೂಸನ್ನೂ ಮುಟ್ಟಿದ ಕೈ ಹುಳದ ಮನೆಗೆ ಸೋಕಬಾರದು ಎಂಬುದು ನಮ್ಮ ಮನೆಯ ಕಟ್ಟು. ಹೆರಿಗೆಯಾದಂದಿನಿಂದ ಅವ್ವ ಆ ಹೊಸ್ತಿಲು ದಾಟಿರಲಿಲ್ಲ. ಒಳಗೆ ಏನಾಗುತ್ತಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಹಿರಿಯರು ಹಾಕಿದ ಕಟ್ಟನ್ನು ನನ್ನ ಸುಳ್ಳಿಗೆ ಬಾಗಿಲು ಮಾಡಿಕೊಂಡೆ.

ಸಂಜೆ ತಂಗಿ ಬಸ್ಸಿಳಿದು ಓಡುತ್ತಾ ಬಂದಳು. ರವಿಕೆ ಒದ್ದೆಯಾಗಿತ್ತು. "ಯಾಕಣ್ಣ ಬರ್ನಿಲ್ಲ? ಗಂಟೆ ಹೊಡೆಯಗಂಟ ಗೇಟ್ ತಾವ್ಲೇ ನಿಂತಿದ್ದೆ."

"ಹುಳ ಹಣ್ಣಾಗ್ತಾ ಅವೆ."

ಅವಳು ಹಿತ್ತಿಲ ಗೋಡೆಯ ಕಡೆ ಒಂದು ಗಳಿಗೆ ನೋಡಿ, "ಹಂಗಾ," ಅಂದು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಮರುದಿನವೂ ನಾನು ಹೋಗಲಿಲ್ಲ, ಅದರ ಮರುದಿನವೂ. ಕಾರ್ಖಾನೆಯೊಳಗೆ ಅವಳ ಪಾಡೇನಿತ್ತು ಎಂದು ಆಮೇಲೆ ಕೇಳಿ ತಿಳಿದೆ. ಹಾಲು ಸೋರಿದರೆ ಕಾಣದಿರಲಿ ಎಂದು ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ರವಿಕೆಯೊಳಗೆ ತುರುಕಿಕೊಳ್ಳುತ್ತಿದ್ದಳು. ನೀರು ಹೀರದ ಪಾಲಿಯೆಸ್ಟರ್ ಚೂರುಗಳು. ಪಾಯಿಖಾನೆಯಲ್ಲಿ ನಿಂತು ಹಿಂಡಿ ಚೆಲ್ಲಲು ಹೋದರೆ ಸೂಪರ್‌ವೈಸರ್ ಬಾಗಿಲು ಬಡಿಯುತ್ತಿದ್ದ. ಮನೆಯಲ್ಲಿ ಮಗುವಿಗೆ ಬಾಟಲಿಯಲ್ಲಿ ಡಬ್ಬಿ ಪುಡಿಯ ಹಾಲು. ಹುಳದ ಮನೆಗೆ ಹೋಗುವಾಗ ನಾನು ಸೋಪು ಹಾಕಿ ಕೈ ತೊಳೆಯುತ್ತಿದ್ದೆ, ಹೊಸ್ತಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಹೋಗುತ್ತಿದ್ದೆ, ಹುಳದ ತಟ್ಟೆಗಳನ್ನು ಬ್ಲೀಚಿಂಗ್ ಹಾಕಿ ತೊಳೆಯುತ್ತಿದ್ದೆ. ಮಗುವಿನ ಬಾಟಲಿಯನ್ನು ನಲ್ಲಿಯ ಕೆಳಗೆ ಎರಡು ಸಲ ಅಲ್ಲಾಡಿಸಿ ಇಟ್ಟುಬಿಡುತ್ತಿದ್ದೆವು. ಮಗುವಿಗೆ ಭೇದಿ ಶುರುವಾಯಿತು. ಅದೇ ಹೊತ್ತಿಗೆ ತಂಗಿಯ ಒಂದು ಎದೆ ಕಲ್ಲಿನ ಹಾಗಾಗಿ, ಚಳಿ ಜ್ವರ ಬಂದು ಅವಳು ಮಲಗಿದಳು.

ರಾಮನಗರದ ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಮಗುವಿಗೂ ಅಲ್ಲಿಯೇ ಮದ್ದಾಯಿತು. ಬಾಗಿಲ ಹೊರಗೆ ನಿಂತಿದ್ದ ನನಗೆ ನರ್ಸಮ್ಮನ ಮಾತು ಕೇಳುತ್ತಿತ್ತು. "ಹಾಲು ಇಳಿದಾಗ ಮಗು ಕುಡೀಬೇಕು, ಇಲ್ಲಾ ಕೈಲಿ ತೆಗೀಬೇಕು. ಯಾರಮ್ಮ ಮಗೂನ ತರಬೇಕಿದ್ದೋರು?"

"ಮನೇಲಿ ಹುಳ ಹಣ್ಣಾಗಿದ್ವು ಸಿಸ್ಟರ್. ಅಣ್ಣನ ಕೈಲಿ ಆಗ್ನಿಲ್ಲ. ಅವನ್ದೇನು ತಪ್ಪಿಲ್ಲ," ಅಂದಳು ತಂಗಿ.

ನಾನು ಒಳಗೆ ಹೋಗಿ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಬದಲಿಗೆ ನರ್ಸಮ್ಮ ಹೊರಬಂದಾಗ ಅಡ್ಡ ನಿಂತು ಎಲ್ಲವನ್ನೂ ಕೇಳಿದೆ. ಆಕೆ ಮೊದಲು ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು. ಇನ್ನೊಂದು ಕಡೆ ಕುಡಿಸುವುದನ್ನು ನಿಲ್ಲಿಸಬಾರದು. ಕೊಯ್ದ ಕಡೆಯಲ್ಲೂ ಹಾಲು ನಿಲ್ಲಬಾರದು, ಹೇಗೆ ತೆಗೆಯುವುದೆಂದು ನಾನೇ ತೋರಿಸಿಕೊಡುತ್ತೇನೆ. ಬಾಟಲಿ ಎಸೆದುಬಿಡು. ಬಾಯಾರಿದಾಗಲೆಲ್ಲ ಬಾಣಂತಿಗೆ ನೀರು ಕೊಡು.

ನೀರಿನ ವಿಷಯಕ್ಕೆ ಅವ್ವನೊಂದಿಗೆ ಜಗಳವೇ ಆಯಿತು. ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ ಎಂದು ಅವ್ವ ಮೆಣಸಿನ ಸಾರು, ಬೆಳ್ಳುಳ್ಳಿ, ಒಂದು ಲೋಟ ಬಿಸಿನೀರಿನಲ್ಲೇ ಮುಗಿಸುತ್ತಿದ್ದಳು.

"ಬಾಡಿದ ಸೊಪ್ಪು ಹಾಕಿದ್ರೆ ಹುಳ ಗೂಡು ಕಟ್ತದಾ ಅವ್ವ? ನೀರೇ ಕೊಡ್ದೆ ಇವಳಿಗೆ ಹಾಲು ಎಲ್ಲಿಂದ ಬಂದದು?"

"ನೀನೇನ್ಲಾ ಹೆತ್ತಿದ್ದೀಯಾ?"

"ಹೆತ್ತಿಲ್ಲ. ಹುಳ ಸಾಕಿದ್ದೀನಿ."

ಅವ್ವ ನಗು ತಡೆಯಲಾರದೆ ಚೊಂಬು ನನ್ನ ಕೈಗೇ ಕೊಟ್ಟಳು.

ತಂಗಿ ವಾಸಿಯಾಗಿ ಮತ್ತೆ ಕೆಲಸಕ್ಕೆ ಹೋದಾಗ ನಾನು ದಿನವೂ ಗೇಟಿಗೆ ಹೋದೆ. ಟೀ ಅಂಗಡಿಯವರ ನಗೆಗೆ ತಲೆ ತಗ್ಗಿಸದೆ, ಅವರ ಮುಖಕ್ಕೆ ಮುಖ ಕೊಟ್ಟು ನಿಂತೆ.

"ಬಂದ್ನಪ್ಪಾ ಡೈರಿ ಸೆಕ್ರೆಟ್ರಿ!"

"ಹೂಂ ಕಣ್ಲಾ. ನಿಮ್ಮವ್ವನೂ ಹಾಲ್ ಹಾಕಿದ್ಲು. ಕುಡ್ದೇ ನೀನು ಇಷ್ಟ್ ಗಾತ್ರ ಆಗಿರದು. ಬತ್ತೀಯಾ, ನಿಮ್ಮವ್ವನ್ನೇ ಕೇಳವ?"

ಬೀಡಿ ಅವನ ಬಾಯಲ್ಲೇ ಆರಿತು. ಗೇಟಿನ ಸೆಕ್ಯೂರಿಟಿಯವನು ಲಾಠಿ ತಿರುಗಿಸುತ್ತಾ ಬಂದು, ಇಲ್ಲಿ ಕೂರಬಾರದು, ಸಾಹೇಬರ ಕಾರು ಬರುತ್ತದೆ ಅಂದ. "ಗೇಟ್ ನಿಮ್ದು, ಹೊಂಗೆಮರ ನಿಮ್ದಲ್ಲ. ಕಾರಿಗೆ ಕಣ್ಣಿದ್ರೆ ಮುಚ್ಕಳ್ಳಿ," ಅಂದೆ. ತಂಗಿಯ ಲೈನಿನ ಇನ್ನಿಬ್ಬರು ಹೆಣ್ಣುಮಕ್ಕಳು, ತಮ್ಮ ಮಕ್ಕಳನ್ನು ದೂರದ ಊರಲ್ಲಿ ಬಿಟ್ಟು ಬಂದವರು, ಅದೇ ಮರದ ಮರೆಯಲ್ಲಿ ಕೂತು ಹಾಲು ತೆಗೆದು ಎದೆ ಹಗುರ ಮಾಡಿಕೊಳ್ಳತೊಡಗಿದರು. ನಾನು ಛತ್ರಿ ಬಿಚ್ಚಿ ಅವರಿಗೆ ಮರೆ ಮಾಡಿ, ರಸ್ತೆ ನೋಡುತ್ತಾ ನಿಲ್ಲುತ್ತಿದ್ದೆ.

ಆಮೇಲೆ ನಮ್ಮೂರಿನಲ್ಲಿ ಯಾವ ಬಾಣಂತಿ ಕೆಲಸಕ್ಕೆ ಹೊರಟರೂ ನಮ್ಮ ಮನೆಯಿಂದ ಒಂದು ಗಂಟು ಹೋಗುತ್ತಿತ್ತು. ಹಳೆಯ ಹತ್ತಿ ಪಂಚೆ ಹರಿದು, ಒಗೆದು, ಬಿಸಿಲಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿದ ತುಂಡುಗಳು. ರವಿಕೆಯೊಳಗೆ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಬಾಯಿ ಅಗಲವಿರುವ, ಮುಚ್ಚಳದ ಸ್ಟೀಲ್ ಡಬ್ಬಿ. ಡಬ್ಬಿಯನ್ನು ನೀರಲ್ಲಿ ಕುದಿಸಿದ ಮೇಲೇ ಅದರಲ್ಲಿ ಹಾಲು ಹಿಡಿಯಬೇಕು. ಒಂದು ಒಳಲೆ, ನಮ್ಮಜ್ಜಿಯರು ಮಕ್ಕಳಿಗೆ ಹಾಲು ಹಾಕುತ್ತಿದ್ದ ಮೂತಿ ಇರುವ ಪುಟ್ಟ ಬಟ್ಟಲು, ಬಾಟಲಿಯಂತಲ್ಲ, ಒಳಗೆಲ್ಲ ಬೆರಳಾಡಿಸಿ ತೊಳೆಯಬಹುದು. ತೆಗೆದ ಹಾಲನ್ನು ನೆರಳಲ್ಲಿ ತಣ್ಣಗಿಟ್ಟು ಆ ಹೊತ್ತಿಗೇ ಹಾಕಿ ಮುಗಿಸಬೇಕು, ಸಂಜೆಗೆ ಉಳಿಸಬಾರದು. ಎದೆ ಗಟ್ಟಿಯಾಗಿ ಜ್ವರ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗಂಡಸಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದುದು ಒಂದೇ: ಮೊಪೆಡ್ ಓಡಿಸುವವನು ಗಂಡಸೇ ಅಲ್ಲವೇ?

ಊರು ನನ್ನನ್ನು ಹೊಗಳಿತು. ಆವತ್ತು ಹುಳ ಬಿಟ್ಟು ಬರಲಾಗಲಿಲ್ಲ ಪಾಪ, ಅದಕ್ಕೇ ಇಷ್ಟೆಲ್ಲ ಮಾಡುತ್ತಾನೆ ಅಂದರು. ನಾನು ಹೊಗಳಿಸಿಕೊಂಡೆ. ತಂಗಿಯ ಆ ಎದೆಯಲ್ಲಿ ಹಾಲು ಮತ್ತೆ ಮೊದಲಿನಂತೆ ಬರಲಿಲ್ಲ. ಟೀ ಅಂಗಡಿಯವರ ಬಾಯಿ ಮುಚ್ಚಿಸಿದವನಿಗೆ ಮನೆಯೊಳಗೆ ಬಾಯಿ ತೆರೆಯಲಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳು ಎರಡನೇ ಹೆರಿಗೆಗೆ ಬಂದಳು. ಗಂಡುಮಗು. ರಜ ಮುಗಿಯುತ್ತಾ ಬಂದಿತ್ತು. ಜಗಲಿಯಲ್ಲಿ ಕೂತು ನಾನು ಪಂಚೆ ತುಂಡುಗಳನ್ನು ಮಡಿಸುತ್ತಿದ್ದೆ. ಅವ್ವ ಒಳಗೆ ಸಬ್ಬಸಿಗೆ ಸೊಪ್ಪು ಸೋಸುತ್ತಿದ್ದಳು.

"ಅಣ್ಣ, ಈ ಸಲವೂ ಗೇಟ್ ತಾವಕ್ಕೆ ತತ್ತೀಯಾ?"

"ತತ್ತೀನಿ."

"ಹುಳ ಹಣ್ಣಾದ್ರೆ?" ನಗುತ್ತಲೇ ಕೇಳಿದಳು.

ನನ್ನ ಕೈ ನಿಂತಿತು. "ಆವತ್ತು ಹುಳ ಹಣ್ಣಾಗಿರ್ನಿಲ್ಲ ಕಣಮ್ಮಿ," ಅಂದೆ.

"ಗೊತ್ತು." ಅವಳು ಮಗುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಿಕೊಂಡಳು. "ಹಣ್ಣಾಗಿದ್ರೆ ಚಂದ್ರಿಕೆ ಎಲ್ಲಾ ಒಳಗಿರ್ಬೇಕಿತ್ತು. ಹಿತ್ತಿಲ ಗೋಡೆಗೆ ಒರಗ್ಕಂಡಿದ್ವು. ನಾನೂ ಹುಳ ಮಾಡೋರ ಮನೇಲೇ ಹುಟ್ಟಿರದು ಕಣಣ್ಣ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಒಳಗೆ ಸೊಪ್ಪು ಸೋಸುವ ಸದ್ದು ನಿಂತಿತು. ಅವ್ವನಿಗೂ ಕೇಳಲಿ, ಬೀದಿಗೂ ಕೇಳಲಿ ಎಂದು ದೊಡ್ಡ ದನಿಯಲ್ಲೇ ಹೇಳಿದೆ.

"ನಾಲ್ಕು ಜನ ನಕ್ರು ಅಂತ ನಾನು ಬರ್ನಿಲ್ಲ. ನಿನ್ನ ಗೇಟ್ ತಾವ ನಿಲ್ಲಿಸ್ದೆ, ಮಗೀಗೆ ಬಾಟ್ಲಿ ಹಾಲು ಕುಡಿಸ್ದೆ, ಹುಳದ ಮೇಲೆ ಸುಳ್ಳು ಹೇಳ್ದೆ. ತಪ್ಪಾಯ್ತು ಕಣಮ್ಮಿ. ನನ್ನ ಮನ್ನಿಸು."