ತರಿ ಸಹಿಸದ ಹಲ್ಲಿನ ಡಾಕ್ಟರು

ವಾಂಗೆಲ್‌ಗೆ ಮನುಷ್ಯರು ಬೇಡ. ಬಿಟೋಲಾ ಊರಿನಲ್ಲಿ ಇದನ್ನು ಯಾರೂ ನಿಂದೆಯೆಂದು ಹೇಳುತ್ತಿರಲಿಲ್ಲ. ಒಬ್ಬ ಗಿಡ್ಡ, ಇನ್ನೊಬ್ಬ ಉದ್ದ ಎನ್ನುವ ಹಾಗೆ ಹೇಳುತ್ತಿದ್ದರು. ಹಗಲೆಲ್ಲ ಅವನು ಹಲ್ಲಿನ ಡಾಕ್ಟರು. ಅಲ್ಲಿ ಜನ ಬಾಯಿ ತೆರೆದು ಅಲ್ಲಾಡದೆ ಕೂರುತ್ತಿದ್ದರು, ಮಾತಾಡಲು ಆಗುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಸಹಿಸುತ್ತಿದ್ದ. ಸಂಜೆ ದೀಪ ಹತ್ತಿದ ಮೇಲೆ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಶಿರೋಕ್ ಸೊಕಾಕ್ ಬೀದಿಗೆ ಹೊರಡುತ್ತಿದ್ದ.

ಆ ಹೊತ್ತಿಗೆ ಊರಿಗೆ ಊರೇ ಆ ಬೀದಿಯಲ್ಲಿರುತ್ತದೆ. ಈ ತುದಿಯಿಂದ ಆ ತುದಿಗೆ ನಡೆಯುವುದು, ತಿರುಗಿ ಬರುವುದು, ಹೋಗುವಾಗ ಕಂಡವರನ್ನು ಬರುವಾಗ ಹೊಸಬರ ಹಾಗೆ ಮಾತಾಡಿಸುವುದು. ವಾಂಗೆಲ್ ಮಾತ್ರ ಮೂಲೆಯಲ್ಲಿ ಸ್ಟ್ಯಾಂಡು ಊರಿ ನಿಲ್ಲುತ್ತಿದ್ದ. ಅವನು ಹಾಕುತ್ತಿದ್ದುದು ಬಲು ನಿಧಾನದ ಫಿಲ್ಮು. ಬೀದಿದೀಪದ ಬೆಳಕು ಅದರೊಳಗೆ ಇಳಿಯಲು ಅರ್ಧ ನಿಮಿಷ ಬೇಕು. ಇಳಿದರೆ ಚಿತ್ರ ಹಾಲಿನ ಕೆನೆಯ ಹಾಗೆ, ಒಂದು ತರಿ ಇಲ್ಲ. ನೆಲದ ಕಲ್ಲುಗಳನ್ನು ಎಣಿಸಬಹುದು. ಆದರೆ ಅಷ್ಟು ಹೊತ್ತು ನಡೆಯುತ್ತಲೇ ಇದ್ದವರು ಫಿಲ್ಮಿನ ಮೇಲೆ ಉಳಿಯುವುದಿಲ್ಲ. ಹೀಗೆ ಕಿಕ್ಕಿರಿದ ಬೀದಿಯನ್ನು ಇಪ್ಪತ್ತು ವರ್ಷ ತೆಗೆದರೂ ಅವನ ಚಿತ್ರಗಳಲ್ಲಿ ಸಿಕ್ಕಿದ ಜೀವ ಒಂದೇ: ನಿದ್ದೆಹೋಗಿದ್ದ ನಾಯಿ.

"ಇಪ್ಪತ್ತು ವರ್ಷದಿಂದ ನಿನ್ನ ಫೋಟೋದೊಳಗೇ ಓಡಾಡ್ತಿದೀನಿ ಮಾರಾಯ," ಎನ್ನುತ್ತಿದ್ದಳು ಹೆಂಡತಿ ವೆಲಿಕಾ. "ಆ ನಾಯಿಗಿರೋ ಮರ್ಯಾದೆ ನನಗಿಲ್ಲ."

"ನಾಯಿ ಅಲ್ಲಾಡ್ಲಿಲ್ಲ."

ಫೋಟೋ ಕ್ಲಬ್ಬಿಗೆ ಅವನೇ ಅಧ್ಯಕ್ಷ. ಪ್ರದರ್ಶನದ ದೊಡ್ಡ ಗೋಡೆ ಪ್ರತಿ ವರ್ಷವೂ ಅವನದೇ. ಈ ಸಲ ಸದಸ್ಯರೆಲ್ಲ ಸೇರಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಚಿತ್ರದಲ್ಲಿ ಜನರಿರಬೇಕು, ಇಲ್ಲದಿದ್ದರೆ ಗೋಡೆ ಕ್ಲಬ್ಬಿನ ಇನ್ನೊಬ್ಬ ಸದಸ್ಯೆ, ಔಷಧಿ ಅಂಗಡಿಯ ಬ್ಲಾಗುನಾಗೆ. ವಾಂಗೆಲ್‌ಗೆ ಗೋಡೆ ಬಿಡುವುದೆಂದರೆ ತನ್ನ ಹಲ್ಲನ್ನು ತಾನೇ ಕಿತ್ತುಕೊಂಡಂತೆ.

ಬ್ಲಾಗುನಾ ಒಂದು ರೀಲನ್ನು ಮೇಜಿನ ಮೇಲಿಟ್ಟಳು.

"ಅಧ್ಯಕ್ಷರೇ, ನಿಮ್ಮ ಚಿತ್ರ ನೋಡಿದ್ರೆ ಊರಿಗೆ ಪ್ಲೇಗು ಬಡಿದ ಹಾಗಿದೆ. ಇದು ವೇಗದ ಫಿಲ್ಮು, ಹಾಕಿ. ಸ್ಟ್ಯಾಂಡು ಮನೇಲಿರಲಿ. ಬೆಳಕು ಸಾಲ್ದಿದ್ರೆ ಇದರ ವೇಗ ನಾಲ್ಕು ಪಟ್ಟು ಅಂತ ಕ್ಯಾಮೆರಾಗೆ ಸುಳ್ಳು ಹೇಳಿ, ತೊಳೆಯೋವಾಗ ದ್ರಾವಣದಲ್ಲಿ ಜಾಸ್ತಿ ಹೊತ್ತು ಬಿಡಿ."

"ಇದು ಫಿಲ್ಮಲ್ಲಮ್ಮ, ರವೆ. ಬರೀ ತರಿ."

"ರವೇಲಿ ಜನ ಕಾಣ್ತಾರೆ. ನಿಮ್ಮ ಕೆನೇಲಿ ನೊಣನೂ ಕಾಣಲ್ಲ."

ರೀಲನ್ನು ಜೇಬಿಗೆ ಹಾಕಿಕೊಂಡ. ಥ್ಯಾಂಕ್ಸ್ ಹೇಳಲಿಲ್ಲ.

ಮರುದಿನ ಸಂಜೆ ಸ್ಟ್ಯಾಂಡಿಲ್ಲದೆ ಬೀದಿಗಿಳಿದವನಿಗೆ ಕೈಯನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ದೂರ ನಿಂತರೆ ಬರೀ ಕತ್ತಲೆ. ಮುಖ ಬೇಕಾದರೆ ಅಂಗಡಿಯ ದೀಪದ ಬುಡಕ್ಕೆ, ಜನರ ಮೂಗಿನ ತುದಿಗೆ ಹೋಗಬೇಕು.

"ಏನು ಡಾಕ್ಟ್ರೇ, ಹಲ್ಲು ನೋಡೋಕೆ ಬೀದಿಗೇ ಬಂದ್ರಾ?" ಎಂದ ದರ್ಜಿ ಕ್ರಿಸ್ಟೋ.

"ಬಾಯಿ ಮುಚ್ಚಿಕೊಂಡು ನಡಿ," ಎಂದ ವಾಂಗೆಲ್. ಕ್ರಿಸ್ಟೋಗೆ ಅವನು ಬಾಯಿ ತೆರಿ ಎನ್ನದೆ ಮುಚ್ಚು ಎಂದದ್ದು ಅದೇ ಮೊದಲು.

ಫಿಲ್ಮನ್ನು ಮನೆಯ ಬಚ್ಚಲಲ್ಲಿ ತೊಳೆದು ಕಾಗದಕ್ಕೆ ಇಳಿಸಿದ. ಹೆಚ್ಚಿನವು ಕೈ ನಡುಗಿ ಕೆಟ್ಟಿದ್ದವು. ಕ್ರಿಸ್ಟೋಗೆ ಮೂರು ಕಿವಿ ಬಂದಿದ್ದವು. ನೆಟ್ಟಗೆ ಬಂದದ್ದು ಒಂದೇ ಚಿತ್ರ. ಮಿಠಾಯಿ ಅಂಗಡಿಯ ದೀಪದ ಕೆಳಗೆ ವೆಲಿಕಾ, ಕೈಯಲ್ಲಿ ಕುಂಬಳಬೀಜದ ಪೊಟ್ಟಣ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ. ಒಳಹಲ್ಲಿಗೆ ಅವನೇ ತುಂಬಿದ್ದ ಬೆಳ್ಳಿಯೂ ಕಾಣುತ್ತಿತ್ತು. ತರಿಯನ್ನಂತೂ ಕೇಳುವುದೇ ಬೇಡ, ಕೆನ್ನೆಯ ತುಂಬ ರವೆ ಎರಚಿದ ಹಾಗೆ. ಅದು ಹೋಗಲಿ, ಕೆಳತುಟಿಯ ಮೇಲೆ ಒಂದು ಬಿಳಿ ಚುಕ್ಕೆ.

ಬಿಳಿ ಚುಕ್ಕೆ ಇದ್ದ ಚಿತ್ರ ಗೋಡೆಗೆ ಹತ್ತಕೂಡದು. ಅವನೇ ಮಾಡಿದ ನಿಯಮ. ಫಿಲ್ಮಿನ ಮೇಲಿನ ಧೂಳು ಒರೆಸಲು ಬಾರದವರು ಫೋಟೋ ತೆಗೆಯಬಾರದು ಎನ್ನುತ್ತಿದ್ದ. ಅದರ ಹೆಸರಿನಲ್ಲಿ ಬ್ಲಾಗುನಾಳ ಎರಡು ಚಿತ್ರಗಳನ್ನು ವಾಪಸು ಕಳಿಸಿಯೂ ಇದ್ದ. ಅವಳು ಈ ಸಲ ಭೂತಗನ್ನಡಿ ಹಿಡಿದೇ ಬರುವವಳು.

ಚುಕ್ಕೆ ಮುಚ್ಚಲು ಮೂರು ಕೂದಲಿನ ಕುಂಚವನ್ನು ಶಾಯಿಯಲ್ಲಿ ಅದ್ದಿ ವಾಂಗೆಲ್ ಬಗ್ಗಿದ. ಮತ್ತೂ ಬಗ್ಗಿದ. ಧೂಳಲ್ಲ, ಬೀಜದ ಸಿಪ್ಪೆ.

"ನನ್ನ ತುಟಿ ಮೇಲೆ ಏನೋ ಬಿದ್ದಿದೆ ಅಂದ್ಯಲ್ಲ," ವೆಲಿಕಾ ಬಾಗಿಲಾಚೆಯಿಂದ ಕೂಗಿದಳು. "ಅಳಿಸಿದ್ಯಾ? ಗೋಡೆ ಹೋದೀತು."

"ಬಿದ್ದದ್ದಲ್ಲ. ನಿನ್ನದೇ."

ಕುಂಚವನ್ನು ನೀರಿನಲ್ಲಿ ಅದ್ದಿ, ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಿದ.