ಫಕ್ಕೀರಪ್ಪ ಹೇಳಲೊಲ್ಲದ ‘ಫೈನ್’

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಘಾಟಿಗೆ ಕೆಮ್ಮದೆ ಹರಟೆ ಹೊಡೆಯಬಲ್ಲವರು ನೂರಾರು ಮಂದಿ ಇದ್ದಾರೆ. ಆದರೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿಯೇ ಅದು ಎಷ್ಟು ಒಣಗಿದೆ ಎಂದು ಹೇಳುವವನು ಫಕ್ಕೀರಪ್ಪನೊಬ್ಬನೇ. ರುದ್ರಮುನಿ ಸಾಹುಕಾರರ ದಲಾಲಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಅವನು ಮಾಡಿದ್ದು ಅದನ್ನೇ. ರೈತರು ತಂದ ಚೀಲ ಬಿಚ್ಚಿಸುವುದು, ತೆಳ್ಳನೆಯ ಕಡ್ಡಿ ಕಾಯಿ ಬೇರೆ, ದಪ್ಪನೆಯ ಡಬ್ಬಿ ಕಾಯಿ ಬೇರೆ ರಾಶಿ ಹಾಕಿಸುವುದು, ಕಿವಿಗೊಟ್ಟು ಕೇಳುವುದು. ಇಪ್ಪತ್ತೆಂಟು ವರ್ಷವೂ ನಿಂತೇ. ಅಂಗಡಿಯಲ್ಲಿ ಸಾಹುಕಾರರಿಗೆ ಗಾದಿ ಇತ್ತು, ಫೋನಿನ ಪಕ್ಕ, ಫ್ಯಾನಿನ ಕೆಳಗೆ ಒಂದೇ ಒಂದು ಕುರ್ಚಿ ಇತ್ತು. ಅದರ ಮೇಲೆ ಇಂಗ್ಲಿಷ್ ಬಲ್ಲ ಗುಮಾಸ್ತ ಕೂರುತ್ತಿದ್ದ.

2004ರಲ್ಲಿ ಆ ಗುಮಾಸ್ತನಿಗೆ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಕುರ್ಚಿ ಖಾಲಿಯಾಯಿತು. ಫೋನು ಮಾತ್ರ ಸುಮ್ಮನಿರಲಿಲ್ಲ. ಕೊಚ್ಚಿಯ ಮಸಾಲೆ ಕಂಪನಿಯ ಖರೀದಿದಾರ ಮ್ಯಾಥ್ಯೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಫೋನ್ ಮಾಡುವವರು. ಕನ್ನಡವೂ ಬಾರದು, ಹಿಂದಿಯೂ ಬಾರದು.

“ಫಕ್ಕೀರಪ್ಪಾ, ದರದ ಮಾತು ಸಂಜಿಗೆ ನಾ ಹೆಂಗರ ಮಾಡ್ಕೊಂತೇನಿ,” ಎಂದರು ಸಾಹುಕಾರರು. “ಮುಂಜಾನಿ ಎಷ್ಟ ಚೀಲ ಬಂದಾವ, ಹವಾ ಹೆಂಗೈತಿ, ಇಷ್ಟ ಇಂಗ್ಲಿಷ್‌ನ್ಯಾಗ ಹೇಳಾಕ ಕಲಿ. ಕುರ್ಚಿ ನಿಂದ.”

ಐವತ್ತು ದಾಟಿದ ಫಕ್ಕೀರಪ್ಪನಿಗೆ ಆ ಕುರ್ಚಿಯ ಆಸೆ ಎಷ್ಟಿತ್ತೆಂಬುದು ಹೆಂಡತಿ ಗದಿಗೆವ್ವನಿಗೆ ಗೊತ್ತು, ಅವನ ಮೊಣಕಾಲಿಗೆ ಗೊತ್ತು. ಇಂಗ್ಲಿಷಿನಲ್ಲಿ ಒಂದು, ಎರಡು ಎಣಿಸುವುದು ಅವನಿಗೆ ಮೊದಲೇ ಬರುತ್ತಿತ್ತು. ಹವಾ ಕಲಿಸುವ ಕೆಲಸ ಸೊಸೆ ಶೈಲಶ್ರೀಯ ಪಾಲಿಗೆ ಬಂತು. ಹಾವೇರಿಯಲ್ಲಿ ಪಿಯುಸಿ ಮುಗಿಸಿ ಬಂದ ಹುಡುಗಿ. ಅವಳು ರೊಟ್ಟಿ ಬಡಿಯುವಳು, ಮಾವ ಒಲೆಯ ಆಚೆ ಕೂತು ಪಾಠ ಒಪ್ಪಿಸುವನು.

“ಬಿಸಲಿದ್ರ ಸನ್ನಿ, ಮಾವಾರ. ಮಾಡ ಹಾಕಿದ್ರ ಕ್ಲೌಡಿ.”

“ಮಾಡ ಹಾಕೇತಿ, ಆದ್ರ ಮಳಿ ಬರೂದಿಲ್ಲ ಅಂದ್ರ?”

“ಅದೂ ಕ್ಲೌಡಿರಿ.”

“ಮಾಡ ಹಾಕೇತಿ, ಇನ್ನೇನ ತಾಸಿನ್ಯಾಗ ಬರತೈತಿ ಅಂದ್ರ?”

“ಅದೂ ಕ್ಲೌಡಿನ ರೀ.”

ಫಕ್ಕೀರಪ್ಪನಿಗೆ ಇಂಗ್ಲಿಷರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಪಾಪ, ಇಂಥ ಭಾಷೆ ಇಟ್ಟುಕೊಂಡು ಅವರು ಅಂಗಳದಲ್ಲಿ ಏನನ್ನಾದರೂ ಒಣಗಿಸುವುದಾದರೂ ಹೇಗೆ? ಆದರೂ ಮಿಸ್ಟ್ ಕಲಿತ, ವಿಂಡ್ ಕಲಿತ, ಡ್ರಿಜಲ್ ಎಂಬುದನ್ನು ನಾಲಿಗೆ ಹೊರಳುವವರೆಗೆ ಉರುಹೊಡೆದ. ಎಮ್ಮೆಗೆ ಹುಲ್ಲು ಹಾಕುವಾಗಲೂ ಅದೇ ಜಪ. “ಎಮ್ಮಿಗೂ ಇಂಗ್ಲಿಷ್ ಬರಾಕತ್ತೇತಿ, ಇನ್ನ ನನಗ ಹಿಂಡಗೊಡೂದಿಲ್ಲ,” ಎಂದು ಗದಿಗೆವ್ವ ಓಣಿಗೆಲ್ಲ ಹೇಳಿಕೊಂಡು ನಕ್ಕಳು. ಆ ನಗೆಯಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಒಂದು ಮಾತು ಮಾತ್ರ ಅವನು ಕಲಿಯಲೊಲ್ಲೆ ಎಂದ.

“ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಮಾವಾರ? ಹೌ ಈಸ್ ದ ವೆದರ್ ಅಂತ ಅವ್ರು ಸುಮ್ನ ಕೇಳತಾರ. ನಾವು ಊಟ ಆತೇನ್ರಿ ಅಂತ ಕೇಳೂದಿಲ್ಲೇನು, ಹಂಗ. ಫೈನ್ ಅಂದ್ರ ಮುಗೀತು.”

“ಊಟ ಆಗಲಾರದಾಂವ ಆಗೇತಿ ಅಂದ್ರ ಅವನ ಹೊಟ್ಟಿ ಅಷ್ಟ ಹಸೀತೈತಿ,” ಎಂದ ಫಕ್ಕೀರಪ್ಪ. “ಹವಾ ಸುಳ್ಳ ಹೇಳಿದ್ರ ಮಂದಿ ಮಾಲ ಕೊಳೀತೈತಿ. ಸುಮ್‌ಸುಮ್ನ ಫೈನ್ ಅನ್ನಾಕ ನನಗ ಬಾಯಿ ಬರೂದಿಲ್ಲವ್ವಾ.”

ಹೀಗೆ ಕುರ್ಚಿ ಅವನದಾಯಿತು. ದಿನಾ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹೊರಗೆ ಬಂದು, ಕೋಲ್ಡ್ ಸ್ಟೋರೇಜಿನ ಕಡೆಗೊಮ್ಮೆ, ರೈಲ್ವೆ ಸ್ಟೇಷನ್ನಿನ ಕಡೆಗೊಮ್ಮೆ, ಹೀಗೆ ನಾಲ್ಕೂ ದಿಕ್ಕು ನೋಡಿ ಒಳಹೋಗಿ ಕೂರುತ್ತಿದ್ದ. ಮ್ಯಾಥ್ಯೂ ವಾಡಿಕೆಯಂತೆ ಹೌ ಈಸ್ ದ ವೆದರ್ ಎನ್ನುವರು. ಇವನು ಪಂಚರ ಮುಂದೆ ಸಾಕ್ಷಿ ನುಡಿಯುವವನಂತೆ ಶುರುಮಾಡುವನು: “ಮಾರ್ನಿಂಗ್ ಲಿಟ್ಲ್ ಮಿಸ್ಟ್ ಸರ್. ನೌ ನೋ ಮಿಸ್ಟ್. ಸನ್ನಿ. ಸ್ಮಾಲ್ ವಿಂಡ್, ಈಸ್ಟ್ ಸೈಡ್.” ಮೊದಮೊದಲು ಆ ಕಡೆಯಿಂದ ನಗು ಕೇಳುತ್ತಿತ್ತು. ಆಮೇಲಾಮೇಲೆ ಅವರು ಸುಮ್ಮನೆ ಕೇಳಿಸಿಕೊಂಡು ಥ್ಯಾಂಕ್ಯೂ ಎನ್ನತೊಡಗಿದರು. ಗದಿಗೆವ್ವ ಹಳೇ ಸೀರೆ ಮಡಿಸಿ ಕುರ್ಚಿಗೊಂದು ಮೆತ್ತೆ ಹೊಲಿದುಕೊಟ್ಟಳು. ಎರಡು ವರ್ಷ ಫಕ್ಕೀರಪ್ಪನಷ್ಟು ಸುಖಿ ಆ ಮಾರುಕಟ್ಟೆಯಲ್ಲಿ ಇನ್ನೊಬ್ಬನಿರಲಿಲ್ಲ.

ಮೂರನೆಯ ವರ್ಷ ಹೋಳಿ ಹುಣ್ಣಿಮೆಯ ಮುಂದಿನ ವಾರ ಅಕಾಲದ ಅಡ್ಡಮಳೆ ಹಿಡಿಯಿತು. ಹಿಂದಿನ ಸಂಜೆಯಷ್ಟೇ ಮ್ಯಾಥ್ಯೂ ಜೊತೆ ಇನ್ನೂರು ಚೀಲ ಡಬ್ಬಿಯ ವ್ಯಾಪಾರ ಕುದುರಿತ್ತು. ಮಧ್ಯಾಹ್ನ ಲಾರಿ ಬರುವುದಿತ್ತು. ನಸುಕಿನಲ್ಲಿ ಗಾಳಿ ಎದ್ದು ಅಂಗಳದ ಚೀಲಗಳಿಗೆ ಹೊದಿಸಿದ್ದ ತಾಡಪತ್ರಿ ಹಾರಿಸಿತು. ಹಿಂದೆಯೇ ಬಂದ ಮಳೆ ಕಾಲು ತಾಸು ಹೊಡೆದು ಹೋಯಿತು. ಒಂಬತ್ತರ ಹೊತ್ತಿಗೆ ಬಿಸಿಲು ಬಿದ್ದಿತ್ತು ನಿಜ, ಆದರೆ ಅಂಚಿನ ಚೀಲಗಳು ಹಸಿಯಾಗಿದ್ದವು. ಹಸಿ ಕಾಯಿ ಲಾರಿಯಲ್ಲಿ ಮೂರು ದಿನ ಮುಚ್ಚಿಕೊಂಡು ಕೂತರೆ ಬೂಸ್ಟು ಹಿಡಿಯುವುದು ಖಂಡಿತ.

ಫೋನು ಹೊಡೆದುಕೊಂಡಿತು. ಸಾಹುಕಾರರು ಎದುರಿಗೆ ನಿಂತು, ಹೊರಗಿನ ಬಿಸಿಲಿನತ್ತ ಬೆರಳು ತೋರಿಸಿ, “ಸನ್ನಿ ಅನ್ನು, ಸನ್ನಿ ಅನ್ನು,” ಎಂದು ಪಿಸುಗುಟ್ಟಿದರು.

“ನೌ ಸನ್ನಿ, ಸರ್,” ಎಂದ ಫಕ್ಕೀರಪ್ಪ. “ಬಟ್ ಮಾರ್ನಿಂಗ್ ರೇನ್. ಫಿಫ್ಟೀನ್ ಮಿನಿಟ್. ಚಿಲ್ಲಿ ಲಿಟ್ಲ್ ವೆಟ್.”

ಲಾರಿ ಬರಲಿಲ್ಲ. ಸಾಹುಕಾರರ ಮುಖ ಡಬ್ಬಿ ಮೆಣಸಿನಕಾಯಿಯಷ್ಟು ಕೆಂಪಾಯಿತು. “ಆತ ಸುಮ್ನ ಕೇಳಿದ್ದನೋ ಮಾರಾಯಾ! ನಮಸ್ಕಾರ ಅಂದಂಗ ಅದು!”

“ಸುಮ್ನ ಕೇಳ್ಯಾರೋ, ಬೇಕಾಗಿ ಕೇಳ್ಯಾರೋ ನನಗೇನ ಗೊತ್ತಾಗ್ತೈತ್ರಿ ಸಾವ್ಕಾರ್ರ? ಕೇಳಿದ್ರು, ಖರೇ ಹೇಳಿದೆ.”

“ಏಳ ಮ್ಯಾಲ.”

ಎದ್ದ. ಮೆತ್ತೆಯನ್ನು ಅಲ್ಲೇ ಬಿಟ್ಟು ಮತ್ತೆ ರಾಶಿಗಳ ನಡುವೆ ಹೋಗಿ ನಿಂತ. ಹಮಾಲರೆಲ್ಲ ನೋಡುತ್ತಿದ್ದುದರಿಂದ ಅವನಿಗೆ ಬಹಳ ನಾಚಿಕೆಯಾಯಿತು. ಮನೆಯಲ್ಲಿ ಎರಡನೇ ರೊಟ್ಟಿ ಬೇಡವೆಂದ. “ನಾ ಕಲಿಸಿದ್ದ ತಪ್ಪಾತೇನ್ರಿ ಮಾವಾರ?” ಎಂದು ಶೈಲಶ್ರೀ ಅಳುಮುಖ ಮಾಡಿದಳು. “ನೀ ಸರಿಯಾಗೇ ಕಲಿಸಿದಿ ಯವ್ವಾ. ಅದಕ್ಕ ಹಿಂಗಾತು,” ಎಂದ. ಅತ್ತೆ, ಸೊಸೆ ಇಬ್ಬರೂ ಸಾಹುಕಾರರನ್ನು ಮನಸಾರೆ ಬೈದರು.

ಮೂರು ದಿನ ಸಾಹುಕಾರರೇ ಫೋನ್ ಎತ್ತಿ, “ವೆದರ್ ಫೈನ್ ಸರ್, ವೆರಿ ಫೈನ್!” ಎಂದು ಒದರಿದರು. ನಾಲ್ಕನೆಯ ದಿನ ಅವರು ಹಾಗೆ ಒದರುತ್ತಿರುವಾಗಲೇ ಅಂಗಡಿಯ ತಗಡಿನ ಮೇಲೆ ಮಳೆ ದಬದಬನೆ ಬಡಿಯಿತು. ಆ ಸದ್ದು ಕೊಚ್ಚಿಯ ತನಕ ಕೇಳಿಸಿರಬೇಕು. ಫೋನಿನಲ್ಲಿ ಮ್ಯಾಥ್ಯೂ ಹೊಟ್ಟೆ ತುಂಬ ನಕ್ಕು, ಅವನನ್ನು ಕರೆಯಿರಿ, ನಿಮ್ಮ ಹವಾ ಹೇಳುವವನನ್ನು, ಎಂದರು.

ತೊಯ್ದ ತಲೆಯಲ್ಲೇ ಓಡಿಬಂದ ಫಕ್ಕೀರಪ್ಪ ನಿಂತುಕೊಂಡೇ ಹೇಳಿದ: “ಬಿಗ್ ರೇನ್ ಸರ್. ಯುವರ್ ಚಿಲ್ಲಿ ಇನ್‌ಸೈಡ್. ನೋ ಮೋರ್ ವೆಟ್. ಫೋರ್ ಡೇ ಸನ್ ನೀಡ್.” ಸಾಹುಕಾರರು ಮುಖ ಆ ಕಡೆ ತಿರುಗಿಸಿ, ಕುರ್ಚಿಯನ್ನು ಕಾಲಿನಿಂದ ಅವನತ್ತ ಸರಿಸಿದರು. “ನಿಂತ ಯಾಕ ಮಾತಾಡ್ತಿ? ಕುಂದ್ರ.”

ಅಲ್ಲಿಂದ ಆರನೆಯ ದಿನ, ಕಾಯಿ ನಾಲ್ಕು ಬಿಸಿಲು ಕಂಡ ಮೇಲೆ, ಮ್ಯಾಥ್ಯೂ ತಾವೇ ಮಾಲು ನೋಡಲು ಬೆಳಗಿನ ರೈಲಿಗೆ ಬಂದಿಳಿದರು. ದಪ್ಪ ಮೀಸೆಯ, ಕುಳ್ಳ ಆಸಾಮಿ. ಗಾದಿಯ ಮೇಲೆ ಕೂರಿಸಿದರೂ ಕೂರದೆ, ಚಹಾದ ಲೋಟ ಹಿಡಿದುಕೊಂಡೇ ಹೊರಗೆ ಬಿಸಿಲಲ್ಲಿದ್ದ ಫಕ್ಕೀರಪ್ಪನ ಮುಂದೆ ಬಂದು ನಿಂತರು. ಶೈಲಶ್ರೀ ಹೇಳಿಕೊಟ್ಟಿದ್ದ ಸ್ವಾಗತದ ಮಾತೆಲ್ಲ ಅವನಿಗೆ ಮರೆತುಹೋಯಿತು. ಮ್ಯಾಥ್ಯೂಗೂ ಏನು ಮಾತಾಡಬೇಕೋ ತೋಚಲಿಲ್ಲ. ಕೊನೆಗೆ, ಹಣೆಯ ಬೆವರು ಒರೆಸಿಕೊಳ್ಳುತ್ತ, ಅದೇ ಬಿಸಿಲಲ್ಲಿ ನಿಂತು ಅವರು ಕೇಳಿದ್ದು: “ಹೌ ಈಸ್ ದ ವೆದರ್?”

ಎಲ್ಲರೂ ನಕ್ಕರು. ಫಕ್ಕೀರಪ್ಪ ನಗಲಿಲ್ಲ. ಅಂಗಳದ ನಡುವಿಗೆ ಹೋಗಿ ಕೋಲ್ಡ್ ಸ್ಟೋರೇಜಿನ ಕಡೆ ನೋಡಿದ, ಸ್ಟೇಷನ್ನಿನ ಕಡೆ ನೋಡಿದ, ಉಳಿದೆರಡು ದಿಕ್ಕೂ ನೋಡಿದ. ಇನ್ನೂರು ಚೀಲಗಳ ಬಳಿ ಬಂದು ಅಂಚಿನ ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ನಡುವಿನದರಿಂದ ಇನ್ನೊಂದು.

“ಫೈನ್, ಸರ್,” ಎಂದ.

ಮ್ಯಾಥ್ಯೂ ಲೋಟ ಕೆಳಗಿಟ್ಟರು. ಒಂದು ಚೀಲವನ್ನೂ ತಾವು ಮುಟ್ಟಿ ನೋಡದೆ, ಲಾರಿ ತರಿಸಿ ಎಂದು ಸಾಹುಕಾರರಿಗೆ ಸನ್ನೆ ಮಾಡಿದರು.