ಹಲಸಿನ ಮೇಣದ ಮುಚ್ಚಳ

ಅಪ್ಪನ ಹಳೆಯ ಅಂಬಾಸಿಡರ್ ಕಾರನ್ನು ಬಂಟ್ವಾಳದ ಮನೆಯಂಗಳದಲ್ಲಿ ನಾನೇ ಬಿಚ್ಚಿ ಜೋಡಿಸಿದ್ದು ಪ್ರೀತಿಯಿಂದಲ್ಲ. ಅದನ್ನು ವರ್ಷಗಟ್ಟಲೆ ಓಡಿಸಿ, ಕೆಟ್ಟ ಮೇಲೆ ನಮ್ಮಂಗಳಕ್ಕೆ ತಂದು ಬಿಟ್ಟಿದ್ದ ಅಕ್ಕನ ಗಂಡ, ಮದುವೆಯೊಂದರ ಊಟದ ಪಂಕ್ತಿಯಲ್ಲಿ, "ಅದನ್ನು ಗುಜರಿಗೆ ಹಾಕುವ ಮಾರಾಯ, ನಿನ್ನಿಂದ ಆಗ್ಲಿಕ್ಕಿಲ್ಲ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಎಲ್ಲರೂ ಅಲ್ಲದಿರಬಹುದು, ನನ್ನ ನೆನಪು ಆ ಪಂಕ್ತಿಗೆ ಪ್ರತಿ ಸಲ ಹೊಸ ಎಲೆ ಹಾಕುತ್ತದೆ.

ಕಾರು ಚೆನ್ನಾಗಿಯೇ ಹೊರಟು ಪುಂಜಾಲಕಟ್ಟೆಯ ಹತ್ತಿರ ನಿಲ್ಲುತ್ತಿತ್ತು. ಪಂಪ್ ಬದಲಿಸಿದೆ, ಕಾರ್ಬುರೇಟರ್ ತೊಳೆದೆ; ಮತ್ತೆ ಅಲ್ಲೇ ನಿಂತಿತು. ಪೆಟ್ರೋಲ್ ನೋಡಲೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಗಾಳಿ ಬುಸ್ಸೆಂದು ಒಳನುಗ್ಗಿತು, ಕಾರು ಹೊರಟಿತು. ಮುಚ್ಚಳದಲ್ಲಿ ಗಾಳಿಯಾಡುವ ತೂತಿಗೆ, ಮಳೆನೀರು ಇಳಿಯದಿರಲೆಂದು, ಯಾರೋ ಹಲಸಿನ ಮೇಣ ಮೆತ್ತಿದ್ದರು; ಟ್ಯಾಂಕಿಗೆ ಗಾಳಿ ಸಿಗದೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಬರುವುದು ನಿಲ್ಲುತ್ತಿತ್ತು. ಸೋರುವ ಕೊಡಪಾನದಿಂದ ಹಿಡಿದು ಎಲ್ಲಕ್ಕೂ ಹಲಸಿನ ಮೇಣ ಮೆತ್ತುವವರು ನಮ್ಮಲ್ಲಿ ಭಾವ ಒಬ್ಬರೇ.

ಹೊಸ ಮುಚ್ಚಳ ಹಾಕಿ ಮೂಡುಬಿದಿರೆಯ ಅವರ ಮನೆಗೆ ಎಲ್ಲೂ ನಿಲ್ಲದೆ ಹೋದೆ. ಒಂದು ಸುತ್ತು ಹೋಗಿ ಬರುವ ಎಂದು ಅವರನ್ನು ಗುರುವಾಯನಕೆರೆಗೆ ಹೊರಡಿಸುವ ಮೊದಲು, ಮೇಣ ಮೆತ್ತಿದ ಹಳೆಯ ಮುಚ್ಚಳವನ್ನೇ ಬಿಗಿದೆ.

ಒಂದು ಏರಿನಲ್ಲಿ ಕಾರು ನಿಂತಿತು.

"ಸ್ವಲ್ಪ ದೂಡಿ ನೋಡುವ ಭಾವ."

ಬಿಳಿ ಪಂಚೆ ಎತ್ತಿಕಟ್ಟಿ ಅವರು ದೂಡಿದರು. "ಆವತ್ತೇ ಹೇಳಿದೆ ಅಲ್ವಾ, ಗುಜರಿ!"

ಅವರ ಉಸಿರು ಕಟ್ಟುವವರೆಗೆ ದೂಡಿಸಿದೆ. ಆಮೇಲೆ ಇಳಿದು ಮುಚ್ಚಳ ತೆಗೆದು ಅವರ ಕೈಗಿಟ್ಟೆ. "ಈ ಮೇಣ ಯಾರದ್ದು ಭಾವ?"

ಅವರು ಅದನ್ನು ಉಗುರಿನಿಂದ ಕೆರೆದರು. ನಾನು ಹೊಸ ಮುಚ್ಚಳ ಹಾಕಿ ಕಾರು ಹೊರಡಿಸಿದೆ. ಅವರು ಹತ್ತುವವರೆಗೆ ಕಾದೆನೋ, ಏರಿನ ತುದಿಯವರೆಗೆ ಅವರನ್ನು ನಡೆಸಿದೆನೋ, ಈಗ ಖಚಿತವಿಲ್ಲ. ನಡೆಸಿದೆ ಎಂದೇ ಬರೆಯುತ್ತೇನೆ.